ನಡುಕೋಣೆಯ ಸದ್ದಿಲ್ಲದ ಪೆಟ್ಟಿಗೆ

ನನ್ನ ಕಂಪ್ಯೂಟರ್ ಎಷ್ಟು ನಿಶ್ಶಬ್ದವಾದದ್ದೆಂದರೆ, ಅದನ್ನು ಮೊದಲ ಸಲ ಚಾಲೂ ಮಾಡಿದ ದಿನ ಮಿರಜ ಜಂಕ್ಷನ್ನಿನಲ್ಲಿ ಹೊರಡಲು ನಿಂತಿದ್ದ ಎಂಜಿನ್ನು ನಾಚಿಕೊಂಡು ಸೀಟಿ ಹೊಡೆಯದೆ ಹೋಯಿತು. ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. ನಮ್ಮ ಮನೆಯ ಹಲ್ಲಿಗಳು ಹೊತ್ತುಹೊತ್ತಿಗೆ ಲೊಚಗುಡುತ್ತಿದ್ದವು, ಅವು ಕೂಡ ಅಂದಿನಿಂದ ಬಾಯಿ ಮುಚ್ಚಿಕೊಂಡಿವೆ. ಸಾಂಗಲಿಯ ಅರ್ಧ ಊರು ಬಂದು ಅದನ್ನು ಕೇಳಿಸಿಕೊಂಡು ಹೋಗಿದೆ. ಕೇಳಿಸಿಕೊಂಡು ಅಂದರೆ, ಏನೂ ಕೇಳಿಸದೆ ಇರುವುದನ್ನು ಕೇಳಿಸಿಕೊಂಡು. ಉಳಿದ ಅರ್ಧ ಊರು ಆ ಭಾನುವಾರ ಮಧ್ಯಾಹ್ನ ಮಹಾಲಿಂಗಪ್ಪನವರ ರೂಪದಲ್ಲಿ ಬರುವುದಿತ್ತು. ಮಹಾಲಿಂಗಪ್ಪನವರೆಂದರೆ ಮಾರ್ಕೆಟ್ ಯಾರ್ಡಿನಲ್ಲಿ ನನ್ನ ಎದುರು ಸಾಲಿನ ಅರಿಶಿನದ ವ್ಯಾಪಾರಿ. ಅವರು ಒಂದು ವಸ್ತುವನ್ನು ಚಲೋ ಅಂದರೆ ಯಾರ್ಡೆಲ್ಲ ಅದನ್ನು ಚಲೋ ಅನ್ನುತ್ತದೆ. ಅದಕ್ಕಾಗಿ ನಾನು ಇಸ್ತ್ರಿಯ ಅಂಗಿ ತೊಟ್ಟು ನಮ್ಮ ವಿಶ್ರಾಮಬಾಗದ ಮನೆಯ ನಡುಕೋಣೆಯಲ್ಲಿ ಕುಳಿತಿದ್ದೆ. ಮೇಜಿನ ಮೇಲೆ ಕರಿಯ ಪೆಟ್ಟಿಗೆ. ಅದರ ಮೇಲೆ ಧೂಳಿನ ಒಂದು ಕಣ ಕೂತರೂ ಒರೆಸಲು ತೊಡೆಯ ಮೇಲೆ ಮೆತ್ತನೆಯ ಅರಿವೆ. ಪೆಟ್ಟಿಗೆ ನನ್ನ ಮುಖವನ್ನು ನನಗೇ ತೋರಿಸುತ್ತಿತ್ತು, ಇದ್ದುದಕ್ಕಿಂತ ಸ್ವಲ್ಪ ತೆಳ್ಳಗೆ ಮಾಡಿ. ಸಂತೋಷವಾಗಬೇಕಿತ್ತು, ಆಗಿಯೂ ಇತ್ತು. ಆದರೆ ನನ್ನ ಕಣ್ಣು ಮಾತ್ರ ನಾನು ಹೇಳಿದ ಹಾಗೆ ಕೇಳದೆ ಪೆಟ್ಟಿಗೆಯಿಂದ ಜಾರಿ ಕೋಠಿ ಖೋಲಿಯ ಬಾಗಿಲಿಗೆ ಹೋಗುತ್ತಿತ್ತು. ಆ ಬಾಗಿಲು ಮುಚ್ಚಿತ್ತು. ಜೋಳ, ಬೆಲ್ಲ, ಹಳೆಯ ಸಾಮಾನು ಇಡುವ ಆ ಕತ್ತಲು ಖೋಲಿಯೊಳಗೆ ನನ್ನ ಅವ್ವ ಇಂದುಬಾಯಿ ಸಾಮಾಯಿಕಕ್ಕೆ, ನಾವು ಜೈನರು ಹೊತ್ತುಹೊತ್ತಿಗೆ ಮಾಡುವ ಧ್ಯಾನಕ್ಕೆ, ಕುಳಿತಿದ್ದಳು.

ಅವ್ವನ ಜಾಗ ಅದಲ್ಲ. ಅವ್ವನ ಜಾಗ ಈ ನಡುಕೋಣೆಯಲ್ಲಿ, ಉತ್ತರದ ಕಿಟಕಿಯ ಕೆಳಗೆ. ಗಣಪತಿ ಪೇಟೆಯ ಅಂಗಡಿಯ ಹಿಂದಿನ ಮನೆ ಬಿಟ್ಟು ಈ ಮನೆಗೆ ಬಂದ ದಿನ, ಆಗಿನ್ನೂ ಇಲ್ಲಿ ಸುತ್ತೆಲ್ಲ ಕಬ್ಬಿತ್ತು, ಪ್ಲಾಟಿನ ಕಲ್ಲುಗಳು ಮಾತ್ರ ಅಲ್ಲಲ್ಲಿ ಬಿಳಿ ಹಲ್ಲಿನ ಹಾಗೆ ಎದ್ದಿದ್ದವು, ಆ ದಿನ ಅವ್ವ ಮನೆಯನ್ನೆಲ್ಲ ಒಂದು ಸುತ್ತು ಹಾಕಿ ಕಿಟಕಿಯ ಕೆಳಗೆ ಚಾಪೆ ಹಾಸಿ, "ನನಗ ಇಷ್ಟಾದ್ರ ಸಾಕು" ಅಂದಿದ್ದಳು. ಇಷ್ಟು ದೊಡ್ಡ ಮನೆಯಲ್ಲಿ ಅವಳು ಕೇಳಿದ್ದು ಒಂದು ಚಾಪೆಯಗಲದ ನೆಲ. ದಿನಾ ಮುಂಜಾನೆ, ಮಧ್ಯಾಹ್ನ, ಸಂಜೆ ಅಲ್ಲಿ ಒಂದೊಂದು ಮುಹೂರ್ತ, ಹೆಚ್ಚುಕಡಿಮೆ ಮುಕ್ಕಾಲು ಗಂಟೆ, ಕಣ್ಣು ಮುಚ್ಚಿ ಕುಳಿತು, ಯಾರ ಮೇಲೂ ಸಿಟ್ಟಿಲ್ಲದೆ, ಯಾವುದರ ಮೇಲೂ ಆಸೆಯಿಲ್ಲದೆ, ಮಣಿ ಜರುಗಿಸುತ್ತ ಇದ್ದುಬಿಡುವಳು. ಟೆಲಿಫೋನಿನ ತಂತಿ ಆ ಕೋಣೆಗೇ ಬಂದಿದ್ದರಿಂದ ಕಂಪ್ಯೂಟರೂ ಅಲ್ಲಿಗೇ ಬಂತು. ಅರಿಶಿನದ ವಾಯದಾ ವ್ಯಾಪಾರ ಪರದೆಯ ಮೇಲೆ ಶುರುವಾಗಿದ್ದ ಕಾಲ. ಮುಂದಿನ ತಿಂಗಳ ದರ ಈ ತಿಂಗಳೇ ಕೆಂಪು ಹಸಿರಾಗಿ ಕುಣಿಯುತ್ತಿತ್ತು. ನಾನು ಆ ಪರದೆಯ ಮುಂದೆ ಕುಳಿತು ಫೋನಿನಲ್ಲಿ ಈರೋಡಿನವರಿಗೆ, ನಿಜಾಮಾಬಾದಿನವರಿಗೆ ನನ್ನ ಮಾಲಿನ ವರ್ಣನೆ ಮಾಡುತ್ತಿದ್ದೆ. ನನ್ನ ವರ್ಣನೆ ಕೇಳಿದರೆ ಅರಿಶಿನಕ್ಕೆ ಇನ್ನೂ ಹಳದಿ ಏರುತ್ತಿತ್ತೆಂದು ಯಾರ್ಡಿನಲ್ಲಿ ಮಾತು.

ಆ ಮೊದಲ ಕಂಪ್ಯೂಟರು ಮಾಸಿದ ಹಲ್ಲಿನ ಬಣ್ಣದ್ದು. ಅದರ ಪಂಖಾ ತಿರುಗಿದರೆ ಮನೆಯಲ್ಲಿ ಯಾರೋ ಖಾರದ ಗಿರಣಿ ಹಾಕಿದಂತಿತ್ತು. ಒಂದು ದಿನ, ಯಾವ ವಿಶೇಷವೂ ಇಲ್ಲದ ಒಂದು ಮಧ್ಯಾಹ್ನ, ಈರೋಡಿನವನಿಗೆ ನನ್ನ ಗೋದಾಮಿನ ವಿಷಯ ಹೇಳುತ್ತಿದ್ದೆ: ಅದು ಎಷ್ಟು ದೊಡ್ಡದೆಂದರೆ ಒಳಗೆ ಹೋದ ಬೆಕ್ಕು ಮರಿ ಹಾಕಿ, ಆ ಮರಿ ದೊಡ್ಡದಾದ ಮೇಲೆ ಹೊರಗೆ ಬಂತೆಂದು. ಹೇಳುತ್ತ ಹೇಳುತ್ತ ಅವ್ವನ ಕಡೆ ನೋಡಿದೆ. ಮುಚ್ಚಿದ ಕಣ್ಣಿನ ರೆಪ್ಪೆ ಅದುರುತ್ತಿತ್ತು. ತುಟಿಯ ಒಂದು ಮೂಲೆ ಜಗ್ಗಿತು. ಬೆರಳಿನ ನಡುವಿನ ಮಣಿ ನಿಂತಿತು, ಆಮೇಲೆ ಅವಳು ಮಾಲೆಯನ್ನು ಮೊದಲಿನಿಂದ ಹಿಡಿದಳು. ನಾನು ಫೋನು ಇಟ್ಟೆ. ಕೋಣೆಯಲ್ಲಿ ಆ ಪಂಖಾದ ಸದ್ದು ಒಂದೇ ಉಳಿಯಿತು, ಮತ್ತು ಆ ಸದ್ದು ನನ್ನದೇ ಅನಿಸಿತು. ಮುಹೂರ್ತ ಮುಗಿದ ಮೇಲೆ ಅವ್ವ ಚಾಪೆಯಿಂದ ಎದ್ದು ಒಳಗೆ ಹೋಗಿ ನನಗೆ ಮಜ್ಜಿಗೆ ತಂದುಕೊಟ್ಟಳು. ಬೈದಿದ್ದರೆ ಕುಡಿಯಬಹುದಿತ್ತು. ಬಯ್ಯದೆ ಕೊಟ್ಟ ಆ ಮಜ್ಜಿಗೆಯನ್ನು ಹಾಗೇ ಮೇಜಿನ ಮೇಲೆ ಇಟ್ಟೆ. ಕೋಟಿ ಜೀವಗಳಿಗೆ ಕ್ಷಮೆ ಕೇಳುತ್ತ ಕೂತ ಹೆಂಗಸಿನ ಕಿವಿಗೆ ನಾನು ಖಾರ ಕುಟ್ಟುತ್ತಿದ್ದೇನೆ. ಆ ದಿನವೇ ನಿರ್ಧಾರ ಮಾಡಿದೆ: ಭಾರತದಲ್ಲೇ ಇಲ್ಲದಂಥ, ಸದ್ದೇ ಇಲ್ಲದ ಒಂದು ಕಂಪ್ಯೂಟರ್ ಕಟ್ಟಿಸಬೇಕು, ಅವ್ವನ ಸಲುವಾಗಿ.

ಆಮೇಲಿನ ದಿನಗಳ ಸುಖವನ್ನು ಹೇಗೆ ಹೇಳಲಿ. ಮನುಷ್ಯ ಒಂದು ವಸ್ತುವನ್ನು ತರುವ ಮೊದಲು ಅದನ್ನು ನೆನೆಯುತ್ತ ಇರುತ್ತಾನಲ್ಲ, ಅಷ್ಟು ಹಗುರ ಅವನು ಮತ್ತೆ ಯಾವಾಗಲೂ ಇರುವುದಿಲ್ಲ. ಮಿರಜದಲ್ಲಿ, ಸಿತಾರ ಮಾಡುವವರ ಓಣಿ ದಾಟಿದರೆ, ದವಾಖಾನೆಗೆ ಬಂದ ವಿಜಾಪುರದ ಕಡೆಯ ಮಂದಿ ಗಂಟು ಇಟ್ಟುಕೊಂಡು ಕೂರುವ ಕಟ್ಟೆಯ ಎದುರು ಸೂರಜನ ಕಂಪ್ಯೂಟರ್ ಅಂಗಡಿ. ಅವನ ಅಪ್ಪ ಗುರುಬಸಪ್ಪ ಬಟ್ಟೆಯ ವ್ಯಾಪಾರಿಯಾಗಿದ್ದರು. ಸೂರಜ ಬಟ್ಟೆ ಬಿಟ್ಟು ತಂತಿ ಹಿಡಿದ, ಆದರೂ ಮದರ್‌ಬೋರ್ಡನ್ನು ಗಿರಾಕಿಯ ಮುಂದೆ ಸೀರೆಯ ಮಡಿಕೆ ಬಿಚ್ಚಿದ ಹಾಗೆಯೇ ಬಿಚ್ಚುತ್ತಾನೆ. ನಾನು ಹೋಗಿ ಕೂತು, ಗದ್ದಲವಿಲ್ಲದ ಮಷೀನು ಬೇಕು ಅಂದೆ.

"ಗದ್ಲ ಇಲ್ಲದ್ದು ಬೇಕಂದ್ರ ಕ್ಯಾಲ್ಕುಲೇಟರ್ ತಗೋರಿ ದಾದಾ," ಅಂದ ಅವನು, ತಲೆ ಎತ್ತದೆ.

"ಚಂದನೂ ಇರಬೇಕು."

"ಹಂಗಾದ್ರ ಅದಕ್ಕೊಂದು ಕವರ್ ಹೊಲಿಸಿಕೋರಿ."

ಆದರೆ ಅವನಿಗೂ ಚಟ ಹತ್ತಿತು. ಇಬ್ಬರೂ ಪರದೆಯ ಮೇಲೆ ಜಪಾನಿನ, ಜರ್ಮನಿಯ ಚಿತ್ರಗಳನ್ನು ನೋಡತೊಡಗಿದೆವು. ಪಂಖಾ ಇಲ್ಲದ ಮಷೀನುಗಳಿದ್ದವು. ಪ್ರೊಸೆಸರಿನ ನೆತ್ತಿಯಿಂದ ತಾಮ್ರದ ಕೊಳವೆಗಳು ಎದ್ದು, ಬಾಗಿ, ನವಿಲಿನ ಕುತ್ತಿಗೆಯ ಹಾಗೆ ಹಾಯ್ದು ತೆಳ್ಳನೆಯ ರೆಕ್ಕೆಗಳಲ್ಲಿ ಬಿಸಿಯನ್ನು ಹರವಿಬಿಡುತ್ತಿದ್ದವು. ಆ ಕೊಳವೆಗಳು ನನ್ನ ನಿದ್ದೆಯಲ್ಲಿ ಬಂದವು. ಯಾರ್ಡಿನಲ್ಲಿ ಅರಿಶಿನದ ಹರಾಜಿನ ಸವಾಲು ನಡೆದಾಗ ನಾನು ಅಂಗೈಯ ಮೇಲೆ ಬೆರಳಿನಿಂದ ಪೆಟ್ಟಿಗೆಯ ಮೂಲೆಗಳನ್ನು ದುಂಡಗೆ ಮಾಡುತ್ತ ನಿಂತಿರುತ್ತಿದ್ದೆ. ಒಂದು ಸಲ ಹಾಗೆ ಬೆರಳು ಆಡಿಸಿದ್ದಕ್ಕೆ ಸವಾಲು ನನ್ನ ಹೆಸರಿಗೆ ಮುರಿದು, ಬೇಡದ ಮಾಲು ನನ್ನ ತಲೆಗೆ ಬಿತ್ತು. ಮಹಾಲಿಂಗಪ್ಪನವರು ಎದುರು ಸಾಲಿನಿಂದ ನನ್ನನ್ನು ನೋಡಿ, "ವೃಷಭಶೇಟ ಈಗೀಗ ಗಾಳಿಯೊಳಗ ವ್ಯಾಪಾರ ಮಾಡಾಕ ಹತ್ಯಾರ," ಅಂದರು. ಎಲ್ಲರೂ ನಕ್ಕರು. ಅವರು ನಕ್ಕದ್ದು ನನ್ನ ಬೆನ್ನಿಗೆ ಸಂಜೆಯವರೆಗೆ ಅಂಟಿಕೊಂಡಿತ್ತು.

ಪುಣೆಗೂ ಹೋದೆ. ಕೊಳವೆಗಳ ಆ ಸಾಮಾನು ಅಲ್ಲಿ ಮಾತ್ರ ಸಿಗುತ್ತದೆಂದು ಸೂರಜ ಹೇಳಿದ್ದ. ಗಾಜಿನ ಅಂಗಡಿ, ಒಳಗೆ ಫ್ರಿಜ್ಜಿನ ಥಂಡಿ, ಕಿವಿಗೆ ಓಲೆ ಹಾಕಿದ ಒಬ್ಬ ಹುಡುಗಿ. ಗೇಮಿಂಗ್‌ಗೋ ಎಡಿಟಿಂಗ್‌ಗೋ ಅಂತ ಕೇಳಿದಳು. ನಾನು ಏನಾದರೂ ದೊಡ್ಡದು ಹೇಳಬೇಕಿತ್ತು. ನನ್ನಂಥವನ ಬಾಯಿಗೆ ದೊಡ್ಡದಕ್ಕೆ ಬರವೇ. ಆದರೆ ಆ ಥಂಡಿಗೆ ಬಾಯಿ ಸೆಟೆದು, ಮರಾಠಿಯಲ್ಲಿ, "ಅರಿಶಿನಕ್ಕೆ," ಅಂದುಬಿಟ್ಟೆ. ಅವಳು ಪಕ್ಕದವನ ಕಡೆ ನೋಡಿದಳು. ಪಕ್ಕದವನು ಪರದೆಯ ಹಿಂದೆ ತಲೆ ತಗ್ಗಿಸಿದ. ಅಂಗಡಿಯ ಗಾಜಿನ ಬಾಗಿಲಲ್ಲಿ ನನ್ನ ಧೋತರ ಕಂಡಿತು, ಅದರ ಅಂಚಿಗೆ ಹತ್ತಿದ ಹಳದಿ ಪುಡಿ ಕಂಡಿತು. ಹಿಂದಿರುಗುವ ಗಾಡಿಯಲ್ಲಿ ಮಾತ್ರ ನಾನು ಎದುರು ಸೀಟಿನವರಿಗೆ ಬೇರೆ ಕಥೆ ಹೇಳಿದೆ: ಆ ಹುಡುಗಿ ಎದ್ದು ನಿಂತು, ಸಾರ್, ಇಂಥ ಯೋಜನೆ ನಮ್ಮಲ್ಲಿ ಯಾರೂ ತಂದಿರಲಿಲ್ಲ ಅಂದಳೆಂದು. ಕರಾಡ ಬರುವ ಹೊತ್ತಿಗೆ ಅವಳು ನನ್ನ ವಿಳಾಸ ಬರೆದುಕೊಂಡಿದ್ದಳು. ತಾಕಾರಿ ದಾಟುವುದರೊಳಗೆ ಅವಳ ಮಾಲೀಕ ನನಗೆ ಅರ್ಧ ಪಾಲು ಕೊಡುತ್ತೇನೆ ಅಂದಿದ್ದ. ಹೇಳುತ್ತ ಹೇಳುತ್ತ ನನಗೆ ಅದೆಲ್ಲ ಆದದ್ದೇ ಅನಿಸಿ, ಕೊಳವೆಯ ಡಬ್ಬಿಯನ್ನು ಎದೆಗೆ ಒತ್ತಿಕೊಂಡು, ಕಿಟಕಿಯಾಚೆ ದ್ರಾಕ್ಷಿಯ ಹಂದರಗಳು ಓಡುವುದನ್ನು ನೋಡುತ್ತ ಬಂದೆ.

ಪಂಖಾ ತೆಗೆದದ್ದಕ್ಕೆ ಇನ್ನೊಂದು ಕಾರಣವೂ ಒದಗಿತು. ಮಳೆ ಹಿಡಿದ ದಿನಗಳು. ಸಂಜೆ ಪರದೆಯ ಬೆಳಕಿಗೆ ಸಣ್ಣ ಸಣ್ಣ ಹುಳ ಬಂದು ಹಳೆಯ ಮಷೀನಿನ ಬೆನ್ನಿನೊಳಗೆ ಹೋಗುತ್ತಿದ್ದವು, ಮುಂಜಾನೆ ಕಸ ಹೊಡೆಯುವಾಗ ಅದರ ಹಿಂದೆ ಕರಿ ಎಳ್ಳು ಚೆಲ್ಲಿದ ಹಾಗೆ ಬಿದ್ದಿರುತ್ತಿದ್ದವು. ನನ್ನ ಹೆಂಡತಿ ಪ್ರಣಾಲಿ ಅದನ್ನು ಕಾಗದದ ಮೇಲೆ ತೆಗೆದು ನನ್ನ ಮುಂದೆ ಹಿಡಿದು, "ಹೊತ್ತ ಮುಳಗಿದ ಮ್ಯಾಲ ಉಣಬಾರದು ಅಂತ ನಾವು ಹಸಗೊಂಡ ಕುಂದ್ರೋದು, ನಿಮ್ಮ ಮಷೀನು ಹೊತ್ತ ಮುಳಗಿದ ಮ್ಯಾಲೇ ಉಣಾಕ ಹತ್ತತದ," ಅಂದಳು. ಹಾಗಾಗಿ ಹೊಸ ಪೆಟ್ಟಿಗೆಯಲ್ಲಿ ಒಂದು ಜೀವವೂ ಒಳಗೆ ಹೋಗಬಾರದೆಂದು ತೀರ್ಮಾನಿಸಿದೆ. ಸೂರಜ ಕೈ ಮುಗಿದ.

"ದಾದಾ, ಪಂಖಾ ಬ್ಯಾಡಂದ್ರಿ, ಆತು. ಆದ್ರ ತೂತು ಬೇಕ್ರಿ. ಕೆಳಗಿಂದ ಥಂಡ ಗಾಳಿ ಬರಬೇಕು, ಮ್ಯಾಲಿಂದ ಬಿಸಿ ಹೋಗಬೇಕು. ಇಲ್ಲಂದ್ರ ಅದು ಕಂಪ್ಯೂಟರ್ ಅಲ್ಲ, ಕುಕ್ಕರ್."

"ತೂತು ಇರಲಿ. ತೂತಿಗೆ ಅರಿವೆ ಕಟ್ಟೋಣ."

"ಎಂಥಾ ಅರಿವಿ?"

ನೀರು ಸೋಸುವ ಅರಿವೆ. ನಮ್ಮಲ್ಲಿ ಕುಡಿಯುವ ನೀರನ್ನು ದಪ್ಪ ಹತ್ತಿಯ ಅರಿವೆಯನ್ನು ಎರಡು ಮಡಿಕೆ ಮಾಡಿ ಸೋಸುತ್ತೇವೆ, ಕಣ್ಣಿಗೆ ಕಾಣದ ಜೀವವೂ ಹೊಟ್ಟೆಗೆ ಹೋಗಬಾರದೆಂದು. ನೀರಿಗೆ ಸರಿಯಾದದ್ದು ಗಾಳಿಗೆ ಯಾಕಾಗಬಾರದು ಎಂಬ ನನ್ನ ವಿಚಾರಕ್ಕೆ ನಾನೇ ಬೆರಗಾಗಿದ್ದೆ. ಸೂರಜ ಮುಗಿದ ಕೈ ಇಳಿಸಿ, "ಎರಡು ಮಡಿಕಿ?" ಅಂದ. "ಎರಡು ಮಡಿಕಿ," ಅಂದೆ. ಅವನು ಸಾಮಾನುಗಳನ್ನು ಕಟ್ಟಿಕೊಟ್ಟು, ಕೂಡಿಸುವುದನ್ನು ಮಾತ್ರ ನೀವೇ ಮಾಡಿಕೊಳ್ಳಿ, ನನ್ನ ಹೆಸರು ಅದರೊಳಗೆ ಬೇಡ ಅಂದುಬಿಟ್ಟ.

ಪೆಟ್ಟಿಗೆ ಮಾಡಿದ್ದು ಕುಪವಾಡದಲ್ಲಿ, ಪ್ರಣಾಲಿಯ ಅಣ್ಣ ಅರಿಹಂತನ ಕಾರಖಾನೆಯಲ್ಲಿ. ಅವನು ಪಂಪುಗಳ ಹೊರಮೈ ಮಾಡುವವನು. ನಾನು ದಿನಾ ಹೋಗಿ ನಿಲ್ಲುತ್ತಿದ್ದೆ. ಒಂದು ಸ್ಕ್ರೂ ಕಾಣಬಾರದು, ಒಂದು ಜೋಡು ಕಾಣಬಾರದು, ಕರಿಯ ಬಣ್ಣ ಬಸದಿಯ ಕರಿಕಲ್ಲಿನ ಮೂರ್ತಿಯ ಭುಜದ ಹಾಗೆ ಇರಬೇಕು, ಬೆಳಕು ಬಿದ್ದರೆ ಜಾರಬೇಕು, ನಿಲ್ಲಬಾರದು. ಅರಿಹಂತ ಮೊದಲು ನಕ್ಕ, ಆಮೇಲೆ ಸಿಟ್ಟಿಗೆದ್ದ, ಆಮೇಲೆ ಸುಮ್ಮನಾಗಿ, ಕೆಲಸದವರು ಹೋದ ಮೇಲೆ ತಾನೇ ಕೂತು ಮೂಲೆಗಳನ್ನು ತಿಕ್ಕತೊಡಗಿದ. "ಭಾವಜಿ, ನನ್ನ ಲಗ್ನಕ್ಕೂ ನಾ ಇಷ್ಟು ತಿಕ್ಕೊಂಡಿರಲಿಲ್ಲ," ಅಂದ. ಪೆಟ್ಟಿಗೆ ತಯಾರಾದ ಸಂಜೆ ಇಬ್ಬರೂ ಅದರ ಎದುರು ಕಬ್ಬಿಣದ ಸ್ಟೂಲುಗಳ ಮೇಲೆ ಕೂತು ಚಹಾ ಕುಡಿದೆವು. ಹೊರಗೆ ಪಾಳಿ ಬಿಟ್ಟ ಮಂದಿ ಸೈಕಲ್ಲಿನ ಮೇಲೆ ಹೋಗುತ್ತಿದ್ದರು. ಅಷ್ಟು ಚಂದದ ವಸ್ತು ನನ್ನ ಮನೆಯಲ್ಲಿ ಹಿಂದೆ ಎಂದೂ ಇರಲಿಲ್ಲ. ನಾನು ಹುಟ್ಟಿದ್ದು ಚೀಲಗಳ ನಡುವೆ, ಬೆಳೆದದ್ದು ಚೀಲಗಳ ನಡುವೆ, ನಮ್ಮ ಮನೆಯಲ್ಲಿ ವಸ್ತುಗಳು ಬರುತ್ತಿದ್ದದ್ದು ಕೆಲಸಕ್ಕೆ, ಇರುತ್ತಿದ್ದದ್ದು ಮುರಿಯುವ ತನಕ. ಕೆಲಸಕ್ಕಿಂತ ಸ್ವಲ್ಪ ಹೆಚ್ಚಾಗಿ ಇರುವ ಒಂದು ವಸ್ತುವನ್ನು ನಾನು ಆ ಸಂಜೆ ಮುಟ್ಟಿದೆ. ಮುಟ್ಟಿದ ಬೆರಳಿನ ಗುರುತು ಬಿತ್ತು. ಅರಿಹಂತ ಒರೆಸಲು ಅರಿವೆ ಕೊಟ್ಟ.

ಆಮೇಲೆ ಮನೆಯಲ್ಲಿ ಕೂಡಿಸಿದೆ, ಚಾಲೂ ಮಾಡಿದೆ, ಸದ್ದಿಲ್ಲ. ಅದರ ಬಗ್ಗೆ ಮೇಲೆ ಹೇಳಿದ್ದೇನೆ. ಯಾರ್ಡಿನವರು ಬಂದರು, ನೆಂಟರು ಬಂದರು, ಕವಲಾಪುರದಿಂದ ಅತ್ತೆಯ ಕಡೆಯವರು ಬಂದರು. ಎಲ್ಲರಿಗೂ ನಾನು ಹೇಳಿದ್ದು ಒಂದೇ ಮಾತು, ಅವ್ವನ ಸಾಮಾಯಿಕಕ್ಕಾಗಿ ಮಾಡಿಸಿದ್ದು. ಹೇಳಿದಾಗಲೆಲ್ಲ ಹೆಂಗಸರು ಸೆರಗಿನಿಂದ ಕಣ್ಣು ಒರೆಸಿಕೊಳ್ಳುತ್ತಿದ್ದರು. ಅವ್ವ ಕಿಟಕಿಯ ಕೆಳಗೆ ಎಂದಿನಂತೆ ಕೂತಳು. ನಾನು ನಿಶ್ಶಬ್ದವಾದ ಆ ಕೋಣೆಯಲ್ಲಿ ಪರದೆ ನೋಡುತ್ತ, ಮೆಲ್ಲಗೆ ಫೋನು ಮಾಡುತ್ತ, ಅವಳ ಮುಖವನ್ನೇ ಕಾಯುತ್ತಿದ್ದೆ. ರೆಪ್ಪೆ ಮೊದಲಿಗಿಂತ ಹೆಚ್ಚು ಅದುರಿತು. ತುಟಿಯನ್ನು ಅವಳು ಹಲ್ಲಿನಿಂದ ಹಿಡಿದುಕೊಂಡಳು. ಮಣಿ ಮತ್ತೆ ಮತ್ತೆ ಹಿಂದಕ್ಕೆ ಹೋಯಿತು. ಕೆಲವು ದಿನ ಹೀಗಾದ ಮೇಲೆ ಒಂದು ಮುಂಜಾನೆ ನಾನು ಎದ್ದು ಬಂದರೆ ಕಿಟಕಿಯ ಕೆಳಗೆ ಚಾಪೆ ಇಲ್ಲ. ಅವ್ವ ಚಾಪೆ ಎತ್ತಿಕೊಂಡು ಕೋಠಿ ಖೋಲಿಗೆ ಹೋಗಿದ್ದಳು, ಹೋಗಿ ಒಳಗಿನಿಂದ ಕದ ಮುಚ್ಚಿಕೊಂಡಿದ್ದಳು. ಅಂದಿನಿಂದ ಮೂರೂ ಹೊತ್ತು ಅಲ್ಲೇ.

ಸದ್ದಿದ್ದಾಗ ಇದ್ದವಳು ಸದ್ದು ಹೋದ ಮೇಲೆ ಹೋದಳಲ್ಲ. ಕಿಟಕಿಯ ಕೆಳಗಿನ ನೆಲ, ಇಷ್ಟು ವರ್ಷ ಚಾಪೆಯ ಕೆಳಗೆ ಇದ್ದದ್ದು, ಸುತ್ತಲಿನ ನೆಲಕ್ಕಿಂತ ತುಸು ಹೊಸದಾಗಿ ಕಾಣುತ್ತಿತ್ತು. ನಾನು ಅದನ್ನು ದಾಟುವಾಗ ಬಳಸಿ ದಾಟುತ್ತಿದ್ದೆ. ಒಂದು ಮಾತು ಕೇಳಿದರೆ ಮುಗಿಯುತ್ತಿತ್ತು. ಆದರೆ ಆ ಖೋಲಿಯ ವಿಷಯ ಎತ್ತಲು ನನಗೆ ಧೈರ್ಯ ಸಾಲದು. ಯಾಕೆ ಸಾಲದು ಅನ್ನುವುದನ್ನು ಈಗಲೇ ಕೇಳಬೇಡಿ. ಪ್ರಣಾಲಿ ಮಾತ್ರ ರೊಟ್ಟಿ ಬಡಿಯುತ್ತ, "ಅಹೋ, ಅತ್ತಿ ಯಾಕ ಅಲ್ಲೇ ಹೋಗಿ ಕುಂತಾರ ಅಂತ ನಿಮಗ ಖರೇನ ಗೊತ್ತಿಲ್ಲೇನು?" ಅನ್ನುತ್ತಿದ್ದಳು. ಗೊತ್ತಿಲ್ಲ ಅಂದರೆ, "ಹಂಗಾದ್ರ ಮಹಾಲಿಂಗಪ್ಪನವರ್ನ ಕೇಳ್ರಿ, ಅವರು ಬರಾವರು ಇದ್ದಾರಲ್ಲ," ಅಂದು ರೊಟ್ಟಿಯನ್ನು ತಿರುವಿ ಹಾಕುತ್ತಿದ್ದಳು.

ಮಹಾಲಿಂಗಪ್ಪನವರು ಬಂದರು. ಬಿಳಿಯ ಅಂಗಿ, ಹಣೆ ತುಂಬ ವಿಭೂತಿ, ಕಾಲಿಗೆ ಮೆತ್ತನೆಯ ಚಪ್ಪಲಿ. ನನ್ನ ಎದೆ ಹಾರಿದ್ದು ಅವರ ಹಿಂದಿನಿಂದ ಸೂರಜ ಇಣುಕಿದಾಗ.

"ನಾನ ಕರಕೊಂಡ ಬಂದೇನಿ," ಅಂದರು ಮಹಾಲಿಂಗಪ್ಪನವರು ಕೂರುತ್ತ. "ನನಗೇನ ತಿಳೀತದ ಇದರಾಗ? ಇಂವ ನೋಡಿ ಹೂಂ ಅಂದ್ರ, ನಮ್ಮ ಪೇಢಿಗೆ ಇಂಥಾವ ಮೂರು ಮಾಡಸೋಣ ಅಂತ. ಅಲ್ಲೆ ಲೆಕ್ಕಾ ಬರಿಯೋ ನಮ್ಮ ಮುನೀಮರಿಗೆ ಆ ಗುರ್ ಗುರ್ ಸದ್ದಿಗೆ ತಲಿಶೂಲಿ ಬರತದ."

"ನಾ ಹೂಂ ಅನ್ನಾಕ ಬಂದಿಲ್ರಿ ಕಾಕಾ, ನೋಡಾಕ ಬಂದೇನಿ," ಅಂದ ಸೂರಜ. ಅವನ ಕಣ್ಣು ಪೆಟ್ಟಿಗೆಯ ಮೇಲೆ. "ಎರಡು ಮಡಿಕಿ ಅರಿವಿ ಹಾಕಿ ನಡಸ್ಯಾರಂದ್ರ ನಾ ಅಂಗಡಿ ಮುಚ್ಚಿ ಇವರ ಕಡೆ ಕಲಿಯಾಕ ಬರತೇನಿ."

ನಾನು ಪರದೆ ಚಾಲೂ ಮಾಡಿದೆ. ಬಣ್ಣಗಳು ಅರಳಿದವು. ದರದ ಪಟ್ಟಿ ತೆರೆದೆ, ಬಸದಿಯ ಚಿತ್ರ ತೆರೆದೆ, ಲೆಕ್ಕದ ಹಾಳೆ ತೆರೆದೆ, ಎಲ್ಲ ಒಂದರ ಮೇಲೊಂದು ಜಾರಿ ಬಂದವು. ಮಹಾಲಿಂಗಪ್ಪನವರು ಮುಂದೆ ಬಾಗಿ ಪೆಟ್ಟಿಗೆಗೆ ಕಿವಿ ಹಚ್ಚಿದರು. ವೈದ್ಯರು ಎದೆಗೆ ಕಿವಿ ಹಚ್ಚಿದ ಹಾಗೆ ಬಹಳ ಹೊತ್ತು ಹಾಗೇ ಇದ್ದರು.

"ಏನೂ ಕೇಳಸವಲ್ದು."

"ಅದನ್ನ ಕೇಳ್ರಿ," ಅಂದೆ ನಾನು.

ಸೂರಜ ಪೆಟ್ಟಿಗೆಯ ನೆತ್ತಿಯ ಮೇಲೆ ಅಂಗೈ ಇಟ್ಟ. ತೆಗೆದ. ಮತ್ತೆ ಇಟ್ಟ. "ಥಂಡ ಐತಿ," ಅಂದ. "ಬೆಚ್ಚಗೂ ಇಲ್ಲ."

"ತಾಮ್ರಪ್ಪಾ, ತಾಮ್ರ. ಪುಣೇದಾಗ ಅದನ್ನ ತಯಾರ ಮಾಡೋ ಮಾಲೀಕ ನನ್ನ ಕೈ ಹಿಡಿದು ಹೇಳಿದ, ಸಾಹೇಬರ, ಈ ಕೊಳವಿ ಬಿಸಿ ಕುಡೀತದ, ಕುಡದು ಥಂಡ ಬಿಡತದ ಅಂತ. ಹೋದ ವಾರ ಜಪಾನದವರು ಫೋನ್ ಮಾಡಿದ್ರು. ಅರಿವಿ ಎಲ್ಲೀದು ಅಂತ ಕೇಳಿದ್ರು. ನಮ್ಮ ಪ್ರಣಾಲೀ ಹೆಸರಲೇ ಪೇಟೆಂಟ್ ಮಾಡಸೋಣ ಅಂತಿದ್ರು, ನಾನ ಬ್ಯಾಡ ಅಂದೆ. ಅವ್ವನ ಸಾಮಾಯಿಕಕ್ಕ ಮಾಡಿದ್ದು, ಮಾರೋದಿಲ್ಲ ಅಂದೆ." ಮಾತು ಹೊರಟಿತ್ತು. ಅದು ಹೊರಟಾಗ ನನಗೆ ಬರುವ ಸುಖವೇ ಬೇರೆ, ಇಳಿಜಾರಿನಲ್ಲಿ ಸೈಕಲ್ಲು ಬಿಟ್ಟ ಹಾಗೆ. ಕೋಣೆ ಎಷ್ಟು ನಿಶ್ಶಬ್ದವಿತ್ತೆಂದರೆ ನನ್ನ ಒಂದೊಂದು ಮಾತೂ ಗೋಡೆಗೆ ಹೋಗಿ ತಟ್ಟಿ, ದೊಡ್ಡದಾಗಿ ತಿರುಗಿ ಬರುತ್ತಿತ್ತು. ಮಹಾಲಿಂಗಪ್ಪನವರು ತಲೆದೂಗುತ್ತಿದ್ದರು. ಯಾರ್ಡಿನಲ್ಲಿ ನಕ್ಕ ಆ ನಗು ಬೆನ್ನಿನಿಂದ ಕಳಚಿ ಬೀಳುತ್ತಿದ್ದದ್ದು ನನಗೆ ತಿಳಿಯುತ್ತಿತ್ತು.

"ಸೂರಜಾ," ಅಂದರು ಅವರು, "ಮೂರು ಮಾಡು. ಇಂಥಾವ. ಅರಿವಿ ಸುದ್ದಾ ಹಾಕು."

ಸೂರಜ ತೂತು, ಬಿಸಿ, ಮಡಿಕೆ ಎಲ್ಲವನ್ನೂ ಮತ್ತೆ ತಲೆಯಲ್ಲಿ ಕೂಡಿಸುತ್ತಿದ್ದ, ತಾನು ಓದಿದ್ದು ಸುಳ್ಳಾಯಿತಲ್ಲ ಎಂಬ ಮುಖ ಮಾಡಿಕೊಂಡು. ಆ ಮುಖ ನೋಡಿ ನನಗೆ ಮೊದಲ ಸಲ ಹೆದರಿಕೆಯಾಯಿತು. ಇವನು ಮಾಡುತ್ತಾನೆ. ಅರಿವೆ ಹಾಕಿ ಮೂರು ಮಾಡುತ್ತಾನೆ. ಅಷ್ಟರಲ್ಲಿ ಕೋಠಿ ಖೋಲಿಯ ಕದ ತೆರೆಯಿತು. ಮುಹೂರ್ತ ಮುಗಿಸಿ, ಮಾಲೆಯನ್ನು ಚೀಲದಲ್ಲಿ ಇಡುತ್ತ ಅವ್ವ ಹೊರಗೆ ಬಂದಳು. ಮುಖ ತಣ್ಣಗೆ, ನಿದ್ದೆ ಮಾಡಿ ಎದ್ದ ಮಗುವಿನ ಹಾಗೆ ತುಂಬಿಕೊಂಡಿತ್ತು. ಆ ಮುಖವನ್ನು ನಾನು ನಡುಕೋಣೆಯಲ್ಲಿ ಬಹಳ ದಿನದಿಂದ ನೋಡಿರಲಿಲ್ಲ.

"ಶರಣ್ರಿ ಬಾಯಾರ," ಅಂದರು ಮಹಾಲಿಂಗಪ್ಪನವರು ಎದ್ದು. "ನಿಮ್ಮ ಪುಣ್ಯಾ. ಇಂಥಾ ಮಗ ಯಾರಿಗೆ ಅದಾನ. ನಿಮ್ಮ ಸಾಮಾಯಿಕಕ್ಕ ಗದ್ಲ ಆಗಬಾರದು ಅಂತ ಸದ್ದಿಲ್ಲದ ಮಷೀನು ಮಾಡಸ್ಯಾನ."

ಅವ್ವ ನನ್ನ ಕಡೆ ನೋಡಿದಳು. ಅವಳು ಸುಳ್ಳು ಹೇಳುವುದಿಲ್ಲ. ನನ್ನ ಅಪ್ಪ ಇದ್ದಾಗಲೇ ವ್ರತ ತೊಟ್ಟವಳು. "ನನಗೇನ ಗದ್ಲ ಆಗತಿರಲಿಲ್ರಿ," ಅಂದಳು. "ಗದ್ಲ ಇದ್ರನ ಚಲೋ. ಅದಕ್ಕ ಒಳಗ ಹೋಗಿ ಕುಂದರತೇನಿ. ಒಳಗ ಗುಂಯ್ ಅಂತ ಚಂದ ನಡದಿರತದ, ಏನೂ ಕೇಳಸೂದಿಲ್ಲ."

"ಒಳಗ?" ಅಂದ ಸೂರಜ.

"ಏನು ಕೇಳಸೂದಿಲ್ರಿ?" ಅಂದರು ಮಹಾಲಿಂಗಪ್ಪನವರು.

"ಇವನ ಮಾತು." ಅವ್ವ ನೆಲದ ಮೇಲೆ ಕೂತಳು, ಮಂಡಿ ಒತ್ತಿಕೊಂಡಳು. "ಇಂವ ಫೋನಿನ್ಯಾಗ ಹೇಳತಾನಲ್ರಿ, ಗೋದಾಮಿನ್ಯಾಗ ಬೆಕ್ಕ ಹೋತು, ಮರಿ ಬಂತು ಅಂತ. ನಾ ಕಣ್ಣ ಮುಚ್ಚಿ ಕುಂತಿರತೇನಿ, ನಗು ಬರತದ. ತಡಕೋಬೇಕಂದ್ರ ಜಾಸ್ತಿ ಬರತದ. ಸುಳ್ಳ ಹೇಳಿದ್ರ ಪಾಪ, ಹೇಳಿಸಿದ್ರ ಪಾಪ, ಹೇಳಿದ್ದಕ್ಕ ಒಳಗೊಳಗ ಖುಷಿ ಪಟ್ರ ಅದೂ ಪಾಪನ. ಅನುಮೋದನಾ ಅಂತಾರ ಅದಕ್ಕ. ಮೊದಲಿನ ಮಷೀನು ಇದ್ದಾಗ ಅರ್ಧಾ ಮಾತು ಆ ಗದ್ಲದಾಗ ಮುಚ್ಚಿ ಹೋಗತಿತ್ತು. ಅದನ್ನ ಒಳಗ ಇಟ್ಟ ಮ್ಯಾಲ ಇಲ್ಲಿ ಇವಂದ ಎಲ್ಲಾ ಕೇಳಸಾಕ ಹತ್ತಿತು. ಒಂದ ಮಾಲಿ ಮುಗಿಯವಲ್ದು. ಅದಕ್ಕ ನಾನೂ ಒಳಗ ಹೋದೆ."

ಅಡಿಗೆಮನೆಯ ಬಾಗಿಲಲ್ಲಿ ಪ್ರಣಾಲಿ ಚಹಾದ ತಾಟು ಹಿಡಿದು ನಿಂತಿದ್ದಳು, ಬರುವುದೂ ಇಲ್ಲ, ಹೋಗುವುದೂ ಇಲ್ಲ. ಸೂರಜ ಎದ್ದು ಕೋಠಿ ಖೋಲಿಯ ಕಡೆ ಎರಡು ಹೆಜ್ಜೆ ನಡೆದ. ಅಲ್ಲಿಗೇ ನಿಂತು ತಿರುಗಿ ನನ್ನನ್ನು ನೋಡಿದ, ಹೋಗಲೋ ಬೇಡವೋ ಅಂತ ನನ್ನನ್ನೇ ಕೇಳುವವನ ಹಾಗೆ. ಮಹಾಲಿಂಗಪ್ಪನವರು ಪೆಟ್ಟಿಗೆಯನ್ನೂ ನನ್ನನ್ನೂ ಒಂದಾದ ಮೇಲೊಂದು ನೋಡಿದರು. ನಾನು ಬಾಯಿ ತೆರೆದೆ. ಒಂದು ಕಥೆ ತಯಾರಾಗಿ ನಾಲಿಗೆಯ ತುದಿಯಲ್ಲಿ ನಿಂತಿತ್ತು: ಒಳಗಿರುವುದು ಬೇರೆ ಮಷೀನು, ಜಪಾನದವರು ಪರೀಕ್ಷೆಗೆಂದು ಕಳಿಸಿದ್ದು. ಚಲೋ ಕಥೆ. ನಡೆಯುತ್ತಿತ್ತು. ಆದರೆ ಅವ್ವ ಎದುರಿಗೆ ಕಣ್ಣು ತೆರೆದು ಕೂತಿದ್ದಳು, ಮತ್ತು ಅವಳ ತುಟಿಯ ಮೂಲೆ ಆಗಲೇ ಜಗ್ಗತೊಡಗಿತ್ತು.

"ಮೂರು ಮಾಡಸಬ್ಯಾಡ್ರಿ ಕಾಕಾ," ಅಂದೆ. "ಇದರಾಗ ಏನೂ ಇಲ್ಲ."

ಹೇಳಿದೆ. ಕೂಡಿಸಿದ ದಿನ ಅದು ನಡೆದದ್ದು ಹಾಲು ಕಾಯುವಷ್ಟು ಹೊತ್ತು. ಆಮೇಲೆ ಪರದೆ ಕಪ್ಪಾಯಿತು. ಅರಿವೆ ಬಿಸಿಗೆ ಕಂದಿ ಇಸ್ತ್ರಿ ಸುಟ್ಟ ವಾಸನೆ ಬಂತು. ಅರಿವೆ ತೆಗೆದುಬಿಟ್ಟಿದ್ದರೆ ನಡೆಯುತ್ತಿತ್ತೋ ಏನೋ. ಅಷ್ಟರಲ್ಲಿ ಒಳಗೆ ಏನೋ ಸುಟ್ಟುಹೋಗಿತ್ತು. ಆದರೆ ಅದಕ್ಕೂ ಮೊದಲೇ ನಾನು ಯಾರ್ಡಿನಲ್ಲಿ ಎಲ್ಲರಿಗೂ ಹೇಳಿಯಾಗಿತ್ತು. ಹಾಗಾಗಿ ಗಿರಣಿಯಂಥ ಆ ಹಳೆಯ ಕಂಪ್ಯೂಟರನ್ನು ಕೋಠಿ ಖೋಲಿಯಲ್ಲಿ ಜೋಳದ ಪೀಪಾಯಿಯ ಹಿಂದೆ ಇಟ್ಟು, ಗೋಡೆಗೆ ತೂತು ಕೊರೆದು, ಪರದೆಯ ತಂತಿಯನ್ನೂ ಕೀಲಿಮಣೆಯ ತಂತಿಯನ್ನೂ ಆಚೆಯಿಂದ ಈಚೆಗೆ ಎಳೆದೆ. ಪುಣೆಯಲ್ಲಿ ಯಾರೂ ನನ್ನ ಕೈ ಹಿಡಿಯಲಿಲ್ಲ. ಜಪಾನದಿಂದ ಫೋನು ಬರಲಿಲ್ಲ.

ಸೂರಜ ಬಂದು ಪೆಟ್ಟಿಗೆಯ ಮುಚ್ಚಳ ಎತ್ತಿದ. ತೂತುಗಳನ್ನು ಮೇಣದಿಂದ ಮುಚ್ಚಿಯಾಗಿತ್ತು. ಒಳಗೆ ಪ್ರಣಾಲಿಯ ಹಪ್ಪಳಗಳು ಒಂದರ ಮೇಲೊಂದು ಒಪ್ಪವಾಗಿ ಕೂತಿದ್ದವು.

"ಇರವಿ ಹೋಗೂದಿಲ್ಲ," ಅಂದಳು ಪ್ರಣಾಲಿ ಬಾಗಿಲಿನಿಂದ, ವಸ್ತುವಿನ ಗುಣ ಹೇಳುವ ದನಿಯಲ್ಲಿ.

ಮಹಾಲಿಂಗಪ್ಪನವರು ನಗಲಿಲ್ಲ, ಮೊದಲಿಗೆ. ಮುಚ್ಚಳದ ಒಳಮೂಲೆಯನ್ನು ಬೆರಳಿನಿಂದ ಸವರಿದರು. "ಮೂಲಿ ಮಾತ್ರ ಭಾರೀ ಮಾಡಸೀದಿ ಮಾರಾಯಾ," ಅಂದರು. ಆಮೇಲೆ ಅವರ ಹೊಟ್ಟೆ ಕುಲುಕತೊಡಗಿತು. ಸೂರಜ ಅದನ್ನು ನೋಡಿ ನಕ್ಕ. ಯಾರ್ಡಿನಲ್ಲಿ ನಾಳೆ ಇದನ್ನು ಹೇಗೆ ಹೇಳುತ್ತಾರೆಂದು ನನಗೆ ಕಾಣುತ್ತಿತ್ತು, ವಿಚಿತ್ರವೆಂದರೆ ನಾನೇ ಹೇಳಿದ್ದರೆ ಇನ್ನೂ ಚೆನ್ನಾಗಿ ಹೇಳುತ್ತಿದ್ದೆ ಅನಿಸಿತು. ಬಿಸಿಲು ಕಿಟಕಿಯಿಂದ ಇಳಿದು ಪೆಟ್ಟಿಗೆಯ ಭುಜದ ಮೇಲೆ ಬಿದ್ದು ಜಾರಿತು. ಸುಳ್ಳು ಹೋದ ಮೇಲೂ ಅದು ಅಷ್ಟೇ ಚಂದವಿತ್ತು.

ಅವ್ವ ಮಾತ್ರ ನಗುತ್ತಿರಲಿಲ್ಲ. "ನನ್ನ ಸಲುವಾಗಿ ಇಷ್ಟೆಲ್ಲಾ ಯಾಕ ಮಾಡಿದಿ?" ಅಂದಳು. ಅವಳ ದನಿಯಲ್ಲಿ ನೋವಿತ್ತು, ತನ್ನಿಂದ ಮಗನಿಗೆ ತೊಂದರೆಯಾಯಿತಲ್ಲ ಎಂಬ ನೋವು. "ಗದ್ಲ ಆಗತದೇನು ಅಂತ ಒಂದ ಮಾತು ಕೇಳಬೇಕಿಲ್ಲೋ? ನಾ ಇಲ್ಲಪಾ ಅಂತಿದ್ದೆ."

"ಅದಕ್ಕ ಕೇಳಲಿಲ್ಲವ್ವ," ಅಂದೆ. "ನೀ ಇಲ್ಲ ಅಂದಿದ್ರ ಮಾಡಸಾಕ ಬರತಿರಲಿಲ್ಲ. ಪೆಟ್ಟಿಗಿ ನನಗ ಬೇಕಾಗಿತ್ತು."